ನೀವು ಕೇಳಿದಿರಿ: ಕೆಜಿಎಫ್‌ಗೆ ಮ್ಯೂಸಿಯಂ ಬಂದರೆ ಸಾಕೇ?

ಪ್ರಶ್ನೆ: ಮೇಡಂ, ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವನು ನಾನು. ಮನೆ ಸೇರುವಾಗ ಮಕ್ಕಳು ಮಲಗಿರುತ್ತಾರೆ. ಹಳೆಯ ಚಿನ್ನದ ಗಣಿಯನ್ನು ಮ್ಯೂಸಿಯಂ ಮಾಡಿದರೆ ಊರಲ್ಲೇ ನಾಲ್ಕು ಜನಕ್ಕೆ ಕೆಲಸ ಸಿಗುತ್ತದೆ, ಜರ್ಮನಿಯಲ್ಲಿ ಹಾಗೇ ಮಾಡಿದ್ದಾರೆ ಅಂತ ನಮ್ಮ ಗೆಳೆಯರ ಬಳಗ ಅರ್ಜಿ ಬರೆಯುತ್ತಿದೆ. ನೀವೇನಂತೀರಿ?
— ಓದುಗ, ರಾಬರ್ಟ್‌ಸನ್‌ಪೇಟೆ

ಉತ್ತರ: ಮ್ಯೂಸಿಯಂ ಬೇಡ ಅನ್ನುವವಳಲ್ಲ ನಾನು. ಗಣಿ ಕಾರ್ಮಿಕರ ಲೈನ್ ಮನೆಯಲ್ಲೇ ಹುಟ್ಟಿ ಬೆಳೆದವಳು. ಶಾಫ್ಟಿನ, ಅಂದರೆ ಗಣಿಗಿಳಿಯುವ ಆಳದ ಬಾವಿಯ, ಮೇಲಿನ ಕಬ್ಬಿಣದ ಗೋಪುರ ತುಕ್ಕು ಹಿಡಿದು ನಿಂತಿದ್ದು ಕಂಡರೆ ಹೊಟ್ಟೆ ಉರಿಯುತ್ತದೆ. ಆದರೆ ಜರ್ಮನಿಯ ಮಾತೆತ್ತಿದ್ದೀರಲ್ಲ, ಅದನ್ನು ಅರ್ಧಕ್ಕೆ ಬಿಡುವುದು ಬೇಡ.

ರೂರ್ ಪ್ರದೇಶದ ಎಸ್ಸೆನ್‌ನಲ್ಲಿ ಝೋಲ್‌ಫೆರೈನ್ ಎಂಬ ಕಲ್ಲಿದ್ದಲು ಗಣಿ 1986ರಲ್ಲಿ ಮುಚ್ಚಿತು. 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. (ಅದೇ ವರ್ಷ ಫೆಬ್ರವರಿ 28ಕ್ಕೆ ನಮ್ಮ ಗಣಿಗೆ ಬೀಗ ಬಿತ್ತು.) ಫೋಟೊದಲ್ಲಿ ಕಾಣುವುದು ಅಷ್ಟೇ. ಅದೇ ಸೀಮೆಯಲ್ಲಿ ಎಂಷರ್ ಅಂತ ನದಿಯಿದೆ. ಗಣಿಯಿಂದಾಗಿ ನೆಲ ಕುಸಿಯುತ್ತಿದ್ದರಿಂದ ಒಳಚರಂಡಿ ಹಾಕಿದರೆ ಕೊಳವೆ ಒಡೆಯುತ್ತಿತ್ತು. ಹಾಗಾಗಿ ನದಿಯನ್ನೇ ಚರಂಡಿ ಮಾಡಿಕೊಂಡಿದ್ದರು. ಗಣಿಗಾರಿಕೆ ಬೇರೆ ಕಡೆಗೆ ಸರಿದ ಮೇಲೆ 1990ರ ದಶಕದಿಂದ ಕೆಲಸ ಹಿಡಿದು, ಕೊಳವೆ ಹೂಳಿ, 2021ರ ಕೊನೆಗೆ ನದಿಗೆ ಕೊಳಚೆ ಬೀಳದಂತೆ ಮಾಡಿದರು. ಟಿಕೆಟ್ ಕೌಂಟರ್ ತೆರೆದು ಕೈಕಟ್ಟಿ ಕೂರಲಿಲ್ಲ.

ನಮ್ಮ ಪಾಲಿನ ಎಂಷರ್ ಅಂದರೆ ಸೈನೈಡ್ ಗುಡ್ಡ. ಅದಿರು ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಸುರಿದ ಪುಡಿ, ಒಟ್ಟು 3 ಕೋಟಿ ಟನ್‌ಗೂ ಹೆಚ್ಚು. ಆಷಾಢದ ಗಾಳಿ ಎದ್ದಿತೆಂದರೆ ಹಗ್ಗದ ಮೇಲಿನ ಸೀರೆಯ ಮಡಿಕೆಯಲ್ಲೂ ನುಣ್ಣನೆಯ ದೂಳು. ಅಮ್ಮ ಕುಡಿಯುವ ನೀರಿನ ಕೊಡದ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಅದರ ಮೇಲೆ ತಟ್ಟೆ ಮುಚ್ಚುತ್ತಿದ್ದಳು. 2024ರ ಜೂನ್‌ನಲ್ಲಿ ಇಂಥ 13 ಗುಡ್ಡಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ನಿಮ್ಮ ಅರ್ಜಿಯ ಮೊದಲ ಸಾಲು ಇದರ ಬಗ್ಗೆ ಇರಲಿ. ಗುಡ್ಡ ಅಗೆಯುವಾಗ ದೂಳು ಏಳದಂತೆ ಏನು ಮಾಡುತ್ತೀರಿ? ಎಷ್ಟು ಸ್ಥಳೀಯರನ್ನು ಕೆಲಸಕ್ಕೆ ತಗೊಳ್ಳುತ್ತೀರಿ? ಆಮೇಲೆ ಆ ಜಾಗ ಯಾರಿಗೆ?

ಎರಡನೆಯದು, ಕಸುಬು. ನೆಲದಡಿ 3 ಕಿಲೋಮೀಟರ್‌ಗೂ ಆಳದಲ್ಲಿ ಜನ ದುಡಿದ ಊರು ನಮ್ಮದು. ಅಷ್ಟು ಕೆಳಗೆ ಗಾಳಿ ಕಳಿಸುವುದು, ನೀರು ಮೇಲೆತ್ತುವುದು, ಕುಸಿದ ಕಡೆ ಸಿಕ್ಕಿಬಿದ್ದವರನ್ನು ಹೊರತರುವುದು ಇವೆಲ್ಲ ಗೊತ್ತಿದ್ದವರು ಲೈನ್ ಲೈನಿಗೂ ಇದ್ದರು. ನಮ್ಮಪ್ಪ ಸುರಂಗಕ್ಕೆ ಮರದ ಆಸರೆ ಕೊಡುವ ಗ್ಯಾಂಗಿನಲ್ಲಿದ್ದವರು. ಕಂಬ ಕಿರುಗುಟ್ಟಿದ ರೀತಿಯ ಮೇಲೆ ನಿಲ್ಲಬೇಕೋ ಓಡಬೇಕೋ ಹೇಳುತ್ತಿದ್ದರು. ಇದು ಹಳೇ ಕಥೆ ಅಂದುಕೊಳ್ಳಬೇಡಿ. 2023ರಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 41 ಕಾರ್ಮಿಕರು ಸಿಕ್ಕಿಬಿದ್ದಾಗ ದೊಡ್ಡ ಯಂತ್ರ ಮುರಿದು ಕೈಕೊಟ್ಟಿತು. ಕೊನೆಯ ಕೆಲವು ಮೀಟರ್ ಕೈಯಿಂದ ಅಗೆದವರು ಇಲಿಬಿಲದಂಥ ಗಣಿಗಳ ಕೆಲಸ ಬಲ್ಲವರು.

ಬೆಂಗಳೂರಲ್ಲಿ ಮೆಟ್ರೊಗೆ ಸುರಂಗ ಕೊರೆದಿದ್ದಾರೆ. ಅಂಥ ಕೆಲಸಕ್ಕೆ, ಅಲ್ಲಿನ ಸುರಕ್ಷತೆಗೆ ಬೇಕಾದ ತರಬೇತಿ ಕೇಂದ್ರವನ್ನು ಕೆಜಿಎಫ್‌ನಲ್ಲಿ ಕೇಳಿ. ಪಾಠ ಹೇಳಲು ಹಳೇ ಕಾರ್ಮಿಕರನ್ನೇ ಗೌರವಧನ ಕೊಟ್ಟು ಕರೆಯಲಿ. ತಡ ಮಾಡುವಂತಿಲ್ಲ. ಗಣಿ ಮುಚ್ಚಿದಾಗ ನಲವತ್ತಾಗಿದ್ದವರಿಗೆ ಈಗ ಅರವತ್ತು ದಾಟಿದೆ. ಮ್ಯೂಸಿಯಂ ಆಮೇಲೂ ಆದೀತು.

ಪ್ರಶ್ನೆ: ಇಷ್ಟೆಲ್ಲ ಯಾಕೆ? ಗಣಿಯನ್ನೇ ಮತ್ತೆ ತೆರೆದರಾಗದೇ?
— ಓದುಗರು, ಬಂಗಾರಪೇಟೆ

ಉತ್ತರ: ಶಾಫ್ಟುಗಳಲ್ಲಿ ನೀರು ತುಂಬಿದೆ ಸ್ವಾಮಿ. ಬತ್ತಿಸಿದರೂ ಅಜ್ಜ ಉಸಿರಾಡಿದ ಕಲ್ಲುಪುಡಿಯನ್ನು ಮೊಮ್ಮಗನೂ ಉಸಿರಾಡಲಿ ಅಂತ ನನ್ನ ಕೈಲಿ ಬರೆಯಲಾಗದು. ಆ ಪುಡಿಯಿಂದಲೇ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬಂದ ಹಳಬರು ಇನ್ನೂ ಕೆಮ್ಮುತ್ತಿದ್ದಾರೆ. ಅವರಿಗೆ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಪುಕ್ಕಟೆ ಸಿಗಲಿ ಅಂತ ನೀವೂ ಒಂದು ಅರ್ಜಿ ಹಾಕಿ. ಸಹಿಗೆ ನನ್ನನ್ನೂ ಕರೆಯಿರಿ.