ಬಾಲ್ಯ ಕೆಟ್ಟದಾಗಿದ್ರೆ ಕೊಲೆಗಾರ ಆಗ್ತಾರಾ?

ಪ್ರಶ್ನೆ: ಮೇಡಂ, ಸೀರಿಯಲ್ ಕಿಲ್ಲರ್‌ಗಳ ಬಗ್ಗೆ ಎಲ್ಲಿ ಓದಿದ್ರೂ ಒಂದೇ ಕಥೆ, ಚಿಕ್ಕವನಿದ್ದಾಗ ಅಪ್ಪ ಹೊಡೀತಿದ್ದ, ಅಮ್ಮ ಬಿಟ್ಟು ಹೋದ್ಲು, ಅದಕ್ಕೇ ಹೀಗಾದ ಅಂತ. ನಾನೂ ತುಂಬಾ ಏಟು ತಿಂದು ಬೆಳೆದವನು. ಒಮ್ಮೊಮ್ಮೆ ಸಿಟ್ಟು ಬಂದಾಗ ನನ್ನ ಬಗ್ಗೆ ನಂಗೇ ಭಯ ಆಗುತ್ತೆ. ನಿಜವಾಗಿ ಜನ ಹಾಗೆ ಆಗೋದು ಯಾಕೆ?

ಉತ್ತರ: ಮೊದಲು ನಿಮ್ಮ ಭಯದ ವಿಷಯ. ಏಟು ತಿಂದು ಬೆಳೆದ ಮಕ್ಕಳು ಲೆಕ್ಕವಿಲ್ಲದಷ್ಟು ಜನ ಇದಾರೆ, ಅವರಲ್ಲಿ ಸರಣಿ ಕೊಲೆಗಾರರಾದವರು ಬೆರಳೆಣಿಕೆ. ಸಿಟ್ಟು ಬರೋದು ಬೇರೆ, ಇದು ಬೇರೆ. ಇಂಥವರಲ್ಲಿ ಬಹಳ ಜನ ಸಿಟ್ಟಿನ ಭರದಲ್ಲಿ ಕೊಲ್ಲಲ್ಲ, ವರ್ಷಗಟ್ಟಲೆ ಮನಸ್ಸಲ್ಲೇ ತಯಾರಿ ಮಾಡ್ಕೊಂಡಿರ್ತಾರೆ.

ಆ ಬಾಲ್ಯದ ಕಥೆ ಎಲ್ಲಿಂದ ಬಂತು ಅಂದ್ರೆ, ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಅಧಿಕಾರಿಗಳು 1970ರ ದಶಕದ ಕೊನೆಯಿಂದ 1980ರ ದಶಕದ ಶುರುವಿನವರೆಗೆ ಜೈಲಿಗೇ ಹೋಗಿ ಲೈಂಗಿಕ ಉದ್ದೇಶದ ಕೊಲೆ ಮಾಡಿದ್ದ 36 ಜನರನ್ನ ಕೂರಿಸ್ಕೊಂಡು ಮಾತಾಡಿಸಿದ್ರು. ಅವರಲ್ಲಿ ತುಂಬಾ ಜನ ಬಾಲ್ಯದಲ್ಲಿ ಹಿಂಸೆ, ಅವಮಾನ ಕಂಡವರೇ ಆಗಿದ್ರು ನಿಜ. ಆದ್ರೆ ಅವರು ಮಾತಾಡೋಕೆ ಒಪ್ಪಿದ ಕೈದಿಗಳು ಮಾತ್ರ, ಅಂಥದ್ದೇ ಬಾಲ್ಯ ಕಂಡು ಯಾರಿಗೂ ತೊಂದರೆ ಕೊಡದೇ ಬದುಕ್ತಿರೋರನ್ನ ಪಕ್ಕದಲ್ಲಿಟ್ಟು ಹೋಲಿಸಿ ನೋಡಿರಲಿಲ್ಲ. ನನಗೆ ಆ ಸಂದರ್ಶನಗಳಲ್ಲಿ ಹೆಚ್ಚು ಮುಖ್ಯ ಅನ್ಸೋದು ಇನ್ನೊಂದು ಸಂಗತಿ, ಅವರ ಕಲ್ಪನೆಗಳು. ಯಾರ ಜೊತೆನೂ ಬೆರೆಯದ ಹುಡುಗ ತನ್ನೊಳಗೇ ಒಂದು ಲೋಕ ಕಟ್ಕೊಳ್ತಾನೆ, ಅಲ್ಲಿ ಎಲ್ಲಾ ಅವನ ಹತೋಟಿಲಿ ಇರುತ್ತೆ, ನಿಧಾನಕ್ಕೆ ಅದರೊಳಗೆ ಕಾಮ ಮತ್ತು ಹಿಂಸೆ ಎರಡೂ ಸೇರ್ಕೊಂಡು ಬಿಡ್ತವೆ.

ಜೆಫ್ರಿ ಡಾಮರ್‌ನ ನೋಡಿ, 17 ಜನರನ್ನ ಕೊಂದವನು. ಅವನ ಮನೇಲಿ ಅಪ್ಪ ಅಮ್ಮನ ಜಗಳ ಇತ್ತು, ಆದ್ರೆ ಹೊಡೆದು ಬಡಿದು ಬೆಳೆಸಿದ ಮನೆ ಅಲ್ಲ. ಹೈಸ್ಕೂಲಲ್ಲಿದ್ದಾಗ ದಿನಾ ಜಾಗಿಂಗ್ ಮಾಡ್ಕೊಂಡು ಹೋಗ್ತಿದ್ದ ಒಬ್ಬನ ಮೇಲೆ ಕಣ್ಣಿಟ್ಟು, ಒಂದಿನ ಬೇಸ್‌ಬಾಲ್ ಬ್ಯಾಟ್ ಹಿಡ್ಕೊಂಡು ಪೊದೆ ಹಿಂದೆ ಕಾದು ಕೂತಿದ್ನಂತೆ, ಅವತ್ತು ಆ ಮನುಷ್ಯ ಬರಲೇ ಇಲ್ಲ, ಇದನ್ನ ಅವನೇ ಆಮೇಲೆ ಹೇಳ್ಕೊಂಡಿದ್ದು. ಅಂದ್ರೆ ಮೊದಲ ಕೊಲೆಗೆ ಮುಂಚೆನೇ ತಲೆಯೊಳಗೆ ರಿಹರ್ಸಲ್ ನಡೆದಿತ್ತು. 1978ರಲ್ಲಿ, ಅಪ್ಪ ಅಮ್ಮ ಬೇರೆಯಾಗಿ ಮನೇಲಿ ಒಬ್ಬನೇ ಇದ್ದಾಗ ಮೊದಲ ಕೊಲೆ ಆಯ್ತು, ಅದಾದ ಮೇಲೆ ಎರಡನೇದಕ್ಕೆ 9 ವರ್ಷ ಗ್ಯಾಪ್, 1987ರಿಂದ 1991ರಲ್ಲಿ ಸಿಕ್ಕಿಬೀಳೋವರೆಗೂ ನಿಲ್ಲಲೇ ಇಲ್ಲ.

ಜೀನ್ ಕಾರಣನಾ ಅಂತಲೂ ಕೇಳ್ತಾರೆ. 2002ರಲ್ಲಿ ನ್ಯೂಜಿಲೆಂಡಿನ ಗಂಡುಮಕ್ಕಳನ್ನ ಹುಟ್ಟಿನಿಂದ ಗಮನಿಸಿದ ಅಧ್ಯಯನ ಒಂದು ಬಂತು. ಎಂಎಒಎ ಅನ್ನೋ ಜೀನ್ ಕಮ್ಮಿ ಕೆಲಸ ಮಾಡ್ತಿದ್ದು, ಜೊತೆಗೆ ಬಾಲ್ಯದಲ್ಲಿ ಹಿಂಸೆನೂ ಅನುಭವಿಸಿದ್ದ ಹುಡುಗರಲ್ಲಿ ಸಮಾಜವಿರೋಧಿ ನಡವಳಿಕೆ ಜಾಸ್ತಿ ಕಂಡಿತ್ತು, ಅದೇ ಜೀನ್ ಇದ್ದು ಚೆನ್ನಾಗಿ ಬೆಳೆದವರಲ್ಲಿ ಹಾಗಿರಲಿಲ್ಲ. ಅದು ಕೂಡ ಹೊಡೆದಾಟ, ಕಾನೂನು ಮುರಿಯೋದು ಇಂಥದ್ದರ ಬಗ್ಗೆ, ಸರಣಿ ಕೊಲೆ ಬಗ್ಗೆ ಅಲ್ಲ. ಸೈಕೋಪತಿನೂ ಅಷ್ಟೇ. ಬೇರೆಯವರ ನೋವು ಮನಸ್ಸಿಗೆ ತಾಕದ ಜನ ನೂರಕ್ಕೆ ಒಬ್ಬರ ಆಸುಪಾಸು ಇರಬಹುದು ಅಂತ ಅಂದಾಜು, ಅವರಲ್ಲಿ ಬಹುಪಾಲು ಜನ ಯಾರನ್ನೂ ಕೊಲ್ಲದೇನೇ ಬದುಕು ಮುಗಿಸ್ತಾರೆ. ಇಂಥವು ಕೆಲವು ಒಬ್ಬನಲ್ಲೇ ಸೇರಿ, ಮೇಲೆ ಆ ಕಲ್ಪನೆ ಬೆಳೀತಾ ಹೋಗಿ, ಕೊನೆಗೆ ಅವಕಾಶನೂ ಸಿಕ್ಕಾಗ ಆಗೋದಿದು.

ಪ್ರಶ್ನೆ: ನಮ್ಮಕ್ಕನ ಮಗನಿಗೆ 8 ವರ್ಷ. ಬೆಕ್ಕಿನ ಮರಿ ಬಾಲಕ್ಕೆ ದಾರ ಕಟ್ಟಿ ಎಳೆದಾಡ್ತಾನೆ, ಅದು ಕಿರುಚಿದ್ರೆ ನಗ್ತಾನೆ. ರಾತ್ರಿ ಹಾಸಿಗೆನೂ ಒದ್ದೆ ಮಾಡ್ತಾನೆ. ಇವೆರಡೂ ಕೊಲೆಗಾರರ ಲಕ್ಷಣ ಅಂತ ಓದಿ ಅಕ್ಕ ನಿದ್ದೆ ಬಿಟ್ಟಿದಾಳೆ.

ಉತ್ತರ: ಹಾಸಿಗೆ ಒದ್ದೆ ಮಾಡೋದನ್ನ ಇವತ್ತೇ ಆ ಪಟ್ಟಿಯಿಂದ ತೆಗೆದುಬಿಡೋಕೆ ಹೇಳಿ, ಅದಕ್ಕೂ ಕೊಲೆಗೂ ಸಂಬಂಧ ಇಲ್ಲ. 1963ರಲ್ಲಿ ಮ್ಯಾಕ್‌ಡೊನಾಲ್ಡ್ ಅನ್ನೋ ಮನೋವೈದ್ಯರು ಹಾಸಿಗೆ ಒದ್ದೆ, ಬೆಂಕಿ ಹಚ್ಚೋದು, ಪ್ರಾಣಿಹಿಂಸೆ ಈ ಮೂರನ್ನ ಒಟ್ಟಿಗೆ ಹೇಳಿದ್ರು. ಆದ್ರೆ ಅವರು ನೋಡಿದ್ದು ಕೊಲ್ತೀನಿ ಅಂತ ಬೆದರಿಕೆ ಹಾಕಿದ್ದ ರೋಗಿಗಳನ್ನ, ಸರಣಿ ಕೊಲೆಗಾರರನ್ನಲ್ಲ. ಆಮೇಲಿನ ಸಂಶೋಧನೆಗಳಲ್ಲಿ ಈ ಮೂರರ ಸೂತ್ರ ನಿಲ್ಲಲಿಲ್ಲ.

ಬೆಕ್ಕಿನ ಮರಿ ವಿಷಯ ಮಾತ್ರ ತಳ್ಳಿಹಾಕಬೇಡಿ. ಪ್ರಾಣಿಗೆ ನೋವು ಕೊಡೋ ಮಗು ಎಷ್ಟೋ ಸಲ ತಾನೇ ಎಲ್ಲೋ ನೋವು ತಿಂತಿರುತ್ತೆ. ಮನೇಲೋ ಸ್ಕೂಲಲ್ಲೋ ಯಾರಾದ್ರೂ ಹೊಡೀತಿದಾರಾ, ಕೆಟ್ಟದಾಗಿ ಮುಟ್ತಿದಾರಾ ಅಂತ ಮೆತ್ತಗೆ ಕೇಳಿ ತಿಳ್ಕೊಳ್ಳಿ. ಮರಿಯನ್ನ ಅವನ ಕೈಗೆ ಒಂಟಿಯಾಗಿ ಬಿಡಬೇಡಿ. ಹೊಡೆದು ಸರಿ ಮಾಡ್ತೀವಿ ಅಂತ ಹೋಗ್ಲೇಬೇಡಿ, ಬೇರೆಯವರ ನೋವು ಅರ್ಥ ಆಗದ ಮಕ್ಕಳಿಗೆ ಶಿಕ್ಷೆಗಿಂತ ಪ್ರೀತಿ, ಒಳ್ಳೇದು ಮಾಡಿದಾಗ ಆ ಕ್ಷಣಕ್ಕೇ ಕೊಡೋ ಮೆಚ್ಚುಗೆ ಹೆಚ್ಚು ಕೆಲಸ ಮಾಡುತ್ತೆ. ಮಕ್ಕಳ ಮನೋವೈದ್ಯರ ಹತ್ರ ಆದಷ್ಟು ಬೇಗ ಕರ್ಕೊಂಡು ಹೋಗಿ, 8 ವರ್ಷಕ್ಕೆ ಬದಲಾವಣೆ ಖಂಡಿತ ಸಾಧ್ಯ.

ಪ್ರಶ್ನೆ: ಇವರು ಭಾರಿ ಬುದ್ಧಿವಂತರಾ? ಅಷ್ಟು ವರ್ಷ ಸಿಕ್ಕಿಬೀಳಲ್ವಲ್ಲ.

ಉತ್ತರ: ಇಲ್ಲ. ಅಮೆರಿಕದ ಸರಣಿ ಕೊಲೆಗಾರ ಗ್ಯಾರಿ ರಿಡ್ಜ್‌ವೇ ಲಾರಿಗಳಿಗೆ ಪೇಂಟ್ ಹೊಡೀತಿದ್ದವನು, ಓದಿನಲ್ಲಿ ತುಂಬಾ ಹಿಂದೆ. 2003ರಲ್ಲಿ 48 ಕೊಲೆ ಒಪ್ಪಿಕೊಂಡ. ವೇಶ್ಯಾವೃತ್ತಿಯ ಹೆಣ್ಣುಮಕ್ಕಳನ್ನೇ ಯಾಕೆ ಆರಿಸ್ದೆ ಅಂದ್ರೆ, ಅವರು ಕಾಣೆಯಾದ್ರೆ ಯಾರೂ ತಕ್ಷಣ ಕಂಪ್ಲೇಂಟ್ ಕೊಡಲ್ಲ ಅಂತ ಗೊತ್ತಿತ್ತು ಅಂದ. ಅವನನ್ನ ಕಾಪಾಡಿದ್ದು ಅವನ ಬುದ್ಧಿ ಅಲ್ಲ, ಆ ಹೆಣ್ಣುಮಕ್ಕಳ ಬಗ್ಗೆ ಜನಕ್ಕಿದ್ದ ಉದಾಸೀನ. ಪೊಲೀಸರಿಗೆ 1980ರ ದಶಕದಲ್ಲೇ ಅವನ ಮೇಲೆ ಅನುಮಾನ ಇತ್ತು, 1987ರಲ್ಲಿ ಎಂಜಲಿನ ಸ್ಯಾಂಪಲ್ ಕೂಡ ತಗೊಂಡಿದ್ರು, ಅದು ಡಿಎನ್‌ಎ ಪರೀಕ್ಷೆಯಲ್ಲಿ ತಾಳೆಯಾಗಿ ಅವನು ಅರೆಸ್ಟ್ ಆಗಿದ್ದು 2001ರಲ್ಲಿ.