ಗೂಡಿನೊಳಗಿನ ಜೀವ ದರಕ್ಕಾಗಿ ಕಾಯುವುದಿಲ್ಲ

ಮಾಗಡಿ ಕಡೆಯಿಂದ ಪತ್ರ ಬರೆದ ಓದುಗ ಮಿತ್ರರಿಗೆ ನಮಸ್ಕಾರ.

ನಿಮ್ಮ ಚಿಕ್ಕಪ್ಪ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ದ ದಿನವೇ ದರ ಬಿದ್ದಿತ್ತು, ನಾಲ್ಕೇ ದಿನದಲ್ಲಿ ಮತ್ತೆ ಏರಿತು ಎಂದು ಬರೆದಿದ್ದೀರಿ. ‘ರಾಗಿ ಕೂಡಿಟ್ಟು ಕಾಯುವ ನಮ್ಮ ರೈತರಿಗೆ ಗೂಡಿನ ವಿಷಯದಲ್ಲಿ ಮಾತ್ರ ತಾಳ್ಮೆ ಏಕಿಲ್ಲ?’ ಎಂದು ಕೇಳಿದ್ದೀರಿ. ಮುಂದಿನ ಬೆಳೆಗೆ ಹುಳುಗಳನ್ನು ಎರಡು ಕಂತಿನಲ್ಲಿ ಸಾಕಿದರೆ ಹೇಗೆ ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ.

ತಾಳ್ಮೆಯ ಮಾತನ್ನು ನಾನು ಒಪ್ಪುವುದಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಹಾಕುತ್ತ, ನಿದ್ದೆಗೆಟ್ಟು ಹುಳು ಸಾಕುವವರಿಗೆ ತಾಳ್ಮೆ ಇಲ್ಲವೆಂದರೆ ಯಾರಿಗಿದೆ? ರಾಗಿ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಗೂಡಿನೊಳಗೆ ಜೀವವಿದೆ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳು ಚಂದ್ರಂಕಿ (ಹುಳು ಗೂಡು ಕಟ್ಟುವ ತಟ್ಟೆ) ಏರಿದ ಐದಾರು ದಿನಕ್ಕೆ ಗೂಡು ಬಿಡಿಸುತ್ತಾರೆ. ಆತುರಪಟ್ಟು ಮೊದಲೇ ಬಿಡಿಸಿದರೆ ಒಳಗಿನ ಎಳೆಯ ಕೋಶ (ಹುಳು ಚಿಟ್ಟೆಯಾಗುವ ಮುಂಚಿನ ರೂಪ) ಒಡೆದು ಗೂಡಿಗೆ ಕಲೆ ಹಿಡಿಯುತ್ತದೆ. ತಡವಾಯಿತೋ, ಸುಮಾರು ಹನ್ನೊಂದು ಹನ್ನೆರಡನೇ ದಿನಕ್ಕೆ ಚಿಟ್ಟೆ ತನ್ನ ಬಾಯಿಯ ದ್ರವದಿಂದ ಗೂಡಿನ ತುದಿಯನ್ನು ಮೆದುಮಾಡಿ ಹೊರಬರುತ್ತದೆ. ಒಳ್ಳೆಯ ದ್ವಿತಳಿ (ಹೆಚ್ಚು ನೂಲು ಕೊಡುವ ತಳಿ) ಗೂಡಿನಲ್ಲಿ 1,000 ಮೀಟರಿಗೂ ಉದ್ದದ ಒಂದೇ ಎಳೆ ಇರುತ್ತದೆ. ತೂತು ಬಿದ್ದ ಮೇಲೆ ಅದನ್ನು ಒಂದೇ ಸಮನೆ ಬಿಚ್ಚಲಾಗದು, ಬೆಲೆಯೂ ಅಲ್ಲಿಗೆ ಮುಗಿಯಿತು. ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ತಗುಲಿದ್ದರೆ ಆ ನೊಣದ ಮರಿಹುಳು ಇನ್ನೂ ಮುಂಚೆಯೇ ಗೂಡನ್ನು ಕೊರೆಯುತ್ತದೆ. ಇವೆರಡೂ ಆಗದಿದ್ದರೂ ದಿನದಿಂದ ದಿನಕ್ಕೆ ತೇವ ಆರಿ ತೂಕ ಇಳಿಯುತ್ತದೆ. ಮಾರುವುದೋ ಕಿಲೋ ಲೆಕ್ಕದಲ್ಲಿ.

ಹರಾಜಿನಲ್ಲಿ ಬಂದ ದರ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ರೈತನಿಗಿದೆ, ನಿಜ. ಬೇಡವೆಂದು ಗೂಡನ್ನು ಎಲ್ಲಿಗೆ ಒಯ್ಯಬೇಕು? ಮತ್ತೆ ಚೀಲಕ್ಕೆ ತುಂಬಿದರೆ ಬಿಸಿಯೇರಿ ಬೆವರುತ್ತದೆ. ಎದುರಿಗಿರುವ ರೀಲರಿಗೆ, ಅಂದರೆ ಗೂಡು ಕೊಂಡು ನೂಲು ಬಿಚ್ಚುವವರಿಗೆ, ಇದೆಲ್ಲ ಗೊತ್ತು. ಹಾಗೆಂದು ಅವರನ್ನು ದೂರಲಾರೆ. ಸಣ್ಣ ರೀಲರು ಕೊಂಡ ಗೂಡಿನೊಳಗಿನ ಜೀವ ಸಾಯುವಂತೆ ಬೇಗನೆ ಹಬೆ ಕೊಡಬೇಕು, ನೂಲು ಮಾರಿ ಮುಂದಿನ ಗೂಡಿಗೆ ಹಣ ಹೊಂದಿಸಬೇಕು. ಅವರಿಗೂ ಕಾಯುವ ಶಕ್ತಿಯಿಲ್ಲ.

ಕಾಯುವುದಕ್ಕೆ ದಾರಿಯಿದೆ. ಬಿಸಿಗಾಳಿ ಯಂತ್ರದಲ್ಲಿ ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಿಂದ ಹಂತಹಂತವಾಗಿ 60ರ ಆಸುಪಾಸಿಗೆ ಇಳಿಸುತ್ತ ಐದಾರು ಗಂಟೆ ಒಣಗಿಸಿದ ಗೂಡು ತಿಂಗಳುಗಟ್ಟಲೆ ಉಳಿಯುತ್ತದೆ. 100 ಕಿಲೋ ಹಸಿಗೂಡು ಸುಮಾರು 40 ಕಿಲೋ ಆಗುತ್ತದೆ. ಚೀನಾದಲ್ಲಿ ಖರೀದಿ ಕೇಂದ್ರಗಳೇ ಹಸಿಗೂಡು ಕೊಂಡು ಒಣಗಿಸಿಡುತ್ತವೆ. ನಮ್ಮಲ್ಲಿ ಹರಾಜು ನಡೆಯುವುದು ಹಸಿಗೂಡಿಗೆ. ಮನೆಯಲ್ಲಿ ಒಣಗಿಸಿ ತಂದವನಿಗೆ ನ್ಯಾಯವಾದ ದರ ಕಟ್ಟುವವರು ಯಾರು? ಆದ್ದರಿಂದ ಮಾರುಕಟ್ಟೆಯ ಆವರಣದಲ್ಲೇ ಬಾಡಿಗೆಗೆ ಒಣಗಿಸಿಕೊಡುವ ಯಂತ್ರ ಬೇಕು, ಒಣಗೂಡಿಗೆ ಪ್ರತ್ಯೇಕ ಹರಾಜು ಬೇಕು, ಇಟ್ಟ ಗೂಡಿನ ಮೇಲೆ ಅಂದೇ ಸಾಲ ಸಿಗಬೇಕು. ಕೊನೆಯದಿಲ್ಲದಿದ್ದರೆ ಮೊದಲೆರಡು ವ್ಯರ್ಥ. ಸೊಪ್ಪಿನ ಬಾಕಿ, ಆಳಿನ ಕೂಲಿ ತೀರಿಸಲು ಸಂಜೆಗೆ ಹಣ ಬೇಕಾದವರು ಒಣಗಿಸುತ್ತ ಕೂರಲಾರರು.

ಇನ್ನು ಎರಡು ಕಂತಿನ ಸಾಕಣೆ. ಹುಳುಮನೆ ಎರಡಿದ್ದು, ಚಾಕಿ ಹುಳುವನ್ನು (ಎಳೆಯ ಮರಿಹುಳುಗಳನ್ನು) ವಾರದ ಅಂತರದಲ್ಲಿ ತರುವಂತಿದ್ದರೆ ಮಾಡಿ, ದರದ ಪೆಟ್ಟು ಅರ್ಧಕ್ಕಷ್ಟೇ ಬೀಳುತ್ತದೆ. ಒಂದೇ ಮನೆಯಲ್ಲಿ ಬೇಡವೇ ಬೇಡ. ಹಣ್ಣು ಹುಳು, ಎಳೆಯ ಹುಳು ಒಟ್ಟಿಗಿದ್ದರೆ ಮನೆ ಖಾಲಿಮಾಡಿ ಸೋಂಕು ತೊಳೆಯಲು ಬಿಡುವೇ ಸಿಗದೆ ಒಂದರ ರೋಗ ಇನ್ನೊಂದಕ್ಕೆ ಹತ್ತುತ್ತದೆ.

– ಸಂಪಾದಕ