ಡಿಸ್ಕ್ ನೋವಿದ್ದರೆ ಜಿಪ್‌ಲೈನ್ ಹೋಗಬಹುದಾ? ಹಾರೋದಲ್ಲ, ಇಳಿಯೋದು ನೋಡಿ

ಸೊಂಟದ ಎಲ್4-ಎಲ್5 ಮೂಳೆಗಳ ಮಧ್ಯದ ಡಿಸ್ಕ್ ಉಬ್ಬಿದೆ, ಈಗ ನೋವು ಕಡಿಮೆ, ಸೊಂಟಕ್ಕೆ ಬೆಲ್ಟ್ ಹಾಕಿಕೊಂಡು ಕೊಡಗಿನಲ್ಲಿ ಚಿಕ್ಕ ಜಿಪ್‌ಲೈನ್ ಹೋದರೆ ಪರವಾಗಿಲ್ವಾ ಅಂತ ಕೇಳಿದ್ದೀರಿ. ಜಿಪ್‌ಲೈನ್ ಅಂದರೆ ಎತ್ತರದಿಂದ ಕೆಳಕ್ಕೆ ಕಟ್ಟಿದ ಹಗ್ಗಕ್ಕೆ ನೇತಾಡಿಕೊಂಡು ಜಾರಿ ಹೋಗೋದು. ಓದಿ ನನಗೆ ಭಯವಾಯಿತು. ನಂದೂ ಇದೇ ಡಿಸ್ಕ್, ಇದೇ ಕೊಡಗು, ಇದೇ ಬೆಲ್ಟ್.

ನಾನು ಮಂಡ್ಯದವಳು, ಟೈಲರ್. 22 ವರ್ಷ ಮೆಷಿನ್ ಮುಂದೆ ಬಗ್ಗಿ ಕೂತು ಸೊಂಟ ಹಿಡಿದಿತ್ತು. ಫಿಸಿಯೋಥೆರಪಿ ಮಾಡಿಸಿಕೊಂಡು ಸುಧಾರಿಸಿದ್ದೆ. ಆಗ ನಮ್ಮ ಸಂಘದ 14 ಜನ ಹೆಂಗಸರು ಟಿಟಿ ಮಾಡಿಕೊಂಡು ಮಡಿಕೇರಿ ಕಡೆ ಹೊರಟೆವು. ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಹೋಗುವಷ್ಟರಲ್ಲೇ ಸೊಂಟ ಮರಗಟ್ಟಿತ್ತು. ನಾನು ಕೂತಿದ್ದು ಹಿಂದಿನ ಸೀಟಿನಲ್ಲಿ ಬೇರೆ. ಆಮೇಲೆ ಜಿಪ್‌ಲೈನ್ ಜಾಗದಲ್ಲಿ ಹಾರ್ನೆಸ್, ಅಂದರೆ ನಮ್ಮನ್ನು ಹಗ್ಗಕ್ಕೆ ನೇತು ಹಾಕುವ ಪಟ್ಟಿಗಳು, ಕಟ್ಟಿಕೊಂಡೇ ಗುಡ್ಡ ಹತ್ತಿಸಿದರು, ಮೇಲೆ ಕಬ್ಬಿಣದ ಮೆಟ್ಟಿಲು. ಇದನ್ನೆಲ್ಲ ಯಾರೂ ಮೊದಲೇ ಹೇಳುವುದಿಲ್ಲ.

ನನ್ನ ತಪ್ಪು ಏನು ಅಂದರೆ, ಬಾಯಿ ಬಿಡಲಿಲ್ಲ. ಬಿಡೋಕೆ ಮೂರು ಸಲ ಅವಕಾಶ ಇತ್ತು. ಮೊದಲು ಫಾರಂ. ಆರೋಗ್ಯದ ತೊಂದರೆ ಇದೆಯಾ ಅಂತ ಕೇಳಿದ್ದರು, 'ಇಲ್ಲ' ಅಂತ ಬರೆದು ಸಹಿ ಹಾಕಿದೆ. ಎಲ್ಲರೂ ಸೇರಿ ದುಡ್ಡು ಕಟ್ಟಿದ್ದೆವು, ನನ್ನೊಬ್ಬಳಿಂದ ಗಲಾಟೆ ಬೇಡ ಅಂತ. ಎರಡನೆಯದು, ಹಾರ್ನೆಸ್ ಕಟ್ಟುವ ಹುಡುಗ "ಟೈಟ್ ಆಯ್ತಾ ಅಕ್ಕಾ?" ಅಂದಾಗ. ಚೂಡಿದಾರದ ಒಳಗೆ ಬೆಲ್ಟ್ ಇದೆ ಅಂತ ಹೇಳಲಿಲ್ಲ. ಸ್ವೆಟರ್ ಮೇಲೆ ಬ್ಲೌಸಿನ ಅಳತೆ ತೆಗೆದರೆ ಸರಿಯಾಗಿ ಕೂರುತ್ತಾ? ದಿನಾ ಅಳತೆ ತೆಗೆಯುವವಳು ನಾನು, ಆದರೂ ಸುಮ್ನಿದ್ದೆ. ಮೂರನೆಯದೇ ಮುಖ್ಯ. ಹೊರಡುವ ಮುಂಚೆ ಆ ಹುಡುಗ ಇಳಿಯುವುದು ಹೇಗೆ ಅಂತ ತೋರಿಸಿದ. ಕೊನೆಯಲ್ಲಿ ಎರಡೂ ಮಂಡಿ ಎದೆ ಕಡೆ ಎತ್ತಿ ಹಿಡೀಬೇಕು ಅಂದ. ಅಲ್ಲೇ ಒಂದು ಸಲ ಎತ್ತಿ ನೋಡಿದೆ. ಸೊಂಟದಲ್ಲಿ ಚುಳುಕ್ ಅಂತು. ಆಗಲೇ "ನನ್ನಿಂದ ಆಗಲ್ಲಪ್ಪ" ಅಂದಿದ್ದರೆ ಮುಗಿದಿತ್ತು. ಹಿಂದೆ ಒಂಬತ್ತು ಜನ ಕಾಯುತ್ತಿದ್ದರು. ಅನ್ನಲಿಲ್ಲ.

ಹಾರಿದ್ದು ಏನೂ ಆಗಲಿಲ್ಲ, ನಿಜ ಹೇಳುತ್ತೇನೆ. ಕೆಳಗೆ ಕಾಫಿ ತೋಟ, ಮುಖಕ್ಕೆ ಗಾಳಿ, ಸಂತೋಷವೇ ಆಯಿತು. ಭಾರವೆಲ್ಲ ತೊಡೆಯ ಪಟ್ಟಿ, ಸೊಂಟದ ಪಟ್ಟಿ ಮೇಲೆ ಇರುತ್ತದೆ. ಬೆನ್ನಿಗೆ ಮಾತ್ರ ಯಾವ ಒರಗೂ ಇರಲಿಲ್ಲ. ಆ ಕಡೆಯ ಹಲಗೆ ಹತ್ತಿರ ಬಂತು, "ಕಾಲು ಮೇಲೆ, ಕಾಲು ಮೇಲೆ!" ಅಂತ ಕೂಗಿದರು. ಎತ್ತಿದೆ. ಎಡಗಾಲಿಗೆ ಕರೆಂಟ್ ಹೊಡೆದ ಹಾಗಾಗಿ ಎರಡೂ ಕಾಲು ತಾವೇ ಕೆಳಗೆ ಬಿದ್ದವು. ಹಿಮ್ಮಡಿ ಹಲಗೆಗೆ ಬಡಿಯಿತು, ಅದೇ ಕ್ಷಣಕ್ಕೆ ಬ್ರೇಕ್ ಜಗ್ಗಿತು. ಎರಡು ಕಡೆಯ ಏಟೂ ಸೊಂಟಕ್ಕೇ.

ಮಂಡಿ ಎತ್ತುವ ಸ್ನಾಯು ತೊಡೆಯಿಂದ ಹೋಗಿ ಸೊಂಟದ ಮೂಳೆಗೇ ಅಂಟಿಕೊಂಡಿರುತ್ತದೆ ಅಂತ ಆಮೇಲೆ ಫಿಸಿಯೋ ಮೇಡಂ ಚಿತ್ರ ಬರೆದು ತೋರಿಸಿದರು. ಕಾಲು ಎತ್ತಿದಷ್ಟೂ ಅದು ಸೊಂಟವನ್ನೇ ಎಳೆಯುತ್ತದೆ. ಆರು ವಾರ ಮೆಷಿನ್ ಮುಂದೆ ಕೂರಲು ಆಗಲಿಲ್ಲ. ವರಮಹಾಲಕ್ಷ್ಮಿ ಹಬ್ಬದ ಬ್ಲೌಸುಗಳ ಅಡ್ವಾನ್ಸ್ ವಾಪಸ್ ಕೊಟ್ಟೆ. ಪೂರ್ತಿ ಮಲಗಿರಬೇಡಿ, ಮನೆಯಲ್ಲೇ ಸ್ವಲ್ಪ ಸ್ವಲ್ಪ ಓಡಾಡಿ ಅಂತ ಡಾಕ್ಟರು ಹೇಳಿದ್ದರು. ಅದರಿಂದಲೇ ಚೇತರಿಸಿಕೊಂಡೆ.

ಹಾಗಾಗಿ ಚಿಕ್ಕದಾ ದೊಡ್ಡದಾ ಅನ್ನೋ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತೀನಿ. ಚಿಕ್ಕ ಲೈನಿನಲ್ಲೂ ಇಳಿಯಲೇಬೇಕು, ಮೆಟ್ಟಿಲು ಹತ್ತಲೇಬೇಕು. ಮೈ ಹಗುರ ಇದ್ದವರು ಕೆಲವು ಸಲ ಹಲಗೆ ಮುಟ್ಟದೆ ಮಧ್ಯದಲ್ಲೇ ನಿಂತುಬಿಡುತ್ತಾರೆ. ಆಗ ತಿರುಗಿ ಹಗ್ಗ ಹಿಡಿದು ಕೈಯಿಂದ ಎಳೆದುಕೊಂಡು ಬರಬೇಕು, ಇಲ್ಲ ಯಾರಾದರೂ ಬರುವ ತನಕ ನೇತಾಡಬೇಕು. ಅಲ್ಲಿಯವರಿಗೆ ಫೋನ್ ಮಾಡಿದರೆ ಲೈನ್ ಎಷ್ಟು ಉದ್ದ ಅಂತ ಕೇಳಬೇಡಿ. ಎಷ್ಟು ಮೆಟ್ಟಿಲು, ಬ್ರೇಕ್ ಎಂಥದು, ಕಾಲು ಎತ್ತದೆ ಇಳಿಯೋಕೆ ಆಗುತ್ತಾ, ಇದನ್ನು ಕೇಳಿ. ಬೆಲ್ಟ್ ನಂಬಬೇಡಿ, ಆ ಏಟನ್ನು ಅದು ತಡೆಯುವುದಿಲ್ಲ. ನೋವಿನ ಮಾತ್ರೆ ನುಂಗಿ ಹೋಗುವುದಂತೂ ಬೇಡವೇ ಬೇಡ, ಚುಳುಕ್ ಅನ್ನೋದೂ ಗೊತ್ತಾಗಲ್ಲ.

ಈಗಲೂ ಕಾಲಿಗೆ ನೋವು ಇಳಿಯುತ್ತಿದ್ದರೆ, ಜೋಮು ಇದ್ದರೆ ಹೋಗಲೇಬೇಡಿ. ತೊಡೆಯ ಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ ಹಿಡಿತ ತಪ್ಪಿದರೆ ಅದೇ ಗಳಿಗೆಗೆ ಆಸ್ಪತ್ರೆಗೆ ಓಡಿ, ಬೆಳಗಾಗಲಿ ಅಂತ ಕಾಯಬೇಡಿ.

ನೋವು ಇಲ್ಲವೇ ಇಲ್ಲ ಅನ್ನುವುದಾದರೆ, ನಿಮ್ಮ ಡಾಕ್ಟರನ್ನೋ ಫಿಸಿಯೋನನ್ನೋ ಕೇಳಿಕೊಂಡು, ಅವರ ಎದುರಿಗೇ ಒರಗಿಲ್ಲದ ಸ್ಟೂಲ್ ಮೇಲೆ ಕೂತು ಎರಡೂ ಮಂಡಿ ನಿಧಾನಕ್ಕೆ ಎತ್ತಿ ಹಿಡಿದು ನೋಡಿ. ಚುಳುಕ್ ಅಂದರೆ ಟ್ರಿಪ್‌ಗೆ ಹೋಗಿ, ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ, ಜಿಪ್‌ಲೈನ್ ಬಿಡಿ. ಟ್ರಿಪ್ ಯಾವಾಗ ಅಂತ ನೀವು ಬರೆದಿಲ್ಲ. ಸ್ಟೂಲ್ ಮೇಲೆ ಏನಾಯಿತು ಅಂತ ಇಲ್ಲೇ ಕೆಳಗೆ ತಿಳಿಸಿ, ನೋಡುತ್ತಿರುತ್ತೇನೆ.